ಪ್ರೊಸೆಸರ್‌ಗೆ ಬಿಡುವಿದ್ದರೂ ಧ್ವನಿ ಒಡೆಯುವುದೇಕೆ: ಧ್ವನಿಮುದ್ರಣ ಗಣಕದ ದೋಷ ನಿವಾರಣೆ ಕೈಪಿಡಿ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೀಪರ್, ಕ್ಯೂಬೇಸ್, ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೊ ಇವುಗಳಲ್ಲಿ ಯಾವುದಾದರೊಂದು ತಂತ್ರಾಂಶ ತೆರೆದಿದೆ, ಮೈಕು, ಹೆಡ್‌ಫೋನ್‌ಗಳನ್ನು ಗಣಕಕ್ಕೆ ಬೆಸೆಯುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಜೋಡಿಸಿದೆ, ತಬಲಾ, ಕೊಳಲು, ಹಾರ್ಮೋನಿಯಂ, ಪಿಟೀಲು ಸಮೂಹದ ಸ್ಯಾಂಪಲ್‌ಗಳೆಲ್ಲ ಸೇರಿ ಮೂವತ್ತು ನಲವತ್ತು ಟ್ರ್ಯಾಕ್‌ಗಳಿರುವ ಭಾವಗೀತೆಯ ಪ್ರಾಜೆಕ್ಟ್ ಓಡುತ್ತಿದೆ ಎಂದುಕೊಳ್ಳೋಣ. ಹಾಡುವವರು ಹೆಡ್‌ಫೋನ್ ಹಾಕಿಕೊಂಡು ಪಲ್ಲವಿ ಎತ್ತಿಕೊಂಡ ಕೂಡಲೇ ಚಟಪಟ ಸದ್ದು ಕೇಳಿಸುತ್ತದೆ, ಕೆಲವೊಮ್ಮೆ ಧ್ವನಿ ಅರೆಕ್ಷಣ ಕಡಿದು ಮತ್ತೆ ಕೂಡಿಕೊಳ್ಳುತ್ತದೆ. ಗಾಬರಿಯಿಂದ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ 35ರಷ್ಟೇ ಇರುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೆಂಬ ಆಲೋಚನೆ ಸಾಮಾನ್ಯವಾಗಿ ಹುಟ್ಟುವುದು ಈ ಘಟ್ಟದಲ್ಲಿಯೇ. ಆದರೆ ಇಂತಹ ಬಹುಪಾಲು ಸಂದರ್ಭಗಳಲ್ಲಿ ಕೊರತೆಯಿರುವುದು ಪ್ರೊಸೆಸರ್‌ನ ಶಕ್ತಿಯಲ್ಲಲ್ಲ, ಅದು ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿಕೊಡುವುದರಲ್ಲಿ. ಹೊತ್ತು ತಪ್ಪಿಸುತ್ತಿರುವುದು ಯಾವುದು ಎಂದು ಪತ್ತೆಹಚ್ಚದೆ ಸೆಟ್ಟಿಂಗ್ ಬದಲಾಯಿಸುತ್ತಾ ಹೋದರೆ ಗಣಕ ಮೊದಲಿಗಿಂತ ಕೆಡುವುದೇ ಹೆಚ್ಚು.

ಗಡುವಿನ ಲೆಕ್ಕ

ತಂತ್ರಾಂಶವು ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಸಿದ್ಧಪಡಿಸಿ ಇಂಟರ್‌ಫೇಸಿಗೆ ಒಪ್ಪಿಸುತ್ತದೆ. ಕಂತಿನ ಗಾತ್ರವನ್ನು ನಿರ್ಧರಿಸುವುದು ಬಫರ್ ಸೆಟ್ಟಿಂಗ್. ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಸಂಖ್ಯೆ) 48,000 ಇದ್ದು ಬಫರ್ 128 ಸ್ಯಾಂಪಲ್ ಇದ್ದರೆ, ಒಂದು ಕಂತಿಗೆ ಸಿಗುವ ಕಾಲ 2.67 ಮಿಲಿಸೆಕೆಂಡು ಮಾತ್ರ. ಆ ಅವಧಿಯೊಳಗೆ ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗಿನ್‌ಗಳ (ಧ್ವನಿ ತಿದ್ದಲು, ವಾದ್ಯ ನುಡಿಸಲು ಜೋಡಿಸುವ ಕಿರುತಂತ್ರಾಂಶಗಳ) ಲೆಕ್ಕಾಚಾರ ಮುಗಿದು ಫಲಿತಾಂಶ ಕೈಸೇರಬೇಕು. ಬಫರ್ 64 ಆದರೆ ಗಡುವು 1.33 ಮಿಲಿಸೆಕೆಂಡಿಗೆ ಇಳಿಯುತ್ತದೆ, 256 ಆದರೆ 5.33ಕ್ಕೆ, 1024 ಆದರೆ 21.33ಕ್ಕೆ ಏರುತ್ತದೆ. ಸ್ಯಾಂಪಲ್ ರೇಟನ್ನು 96,000ಕ್ಕೆ ಏರಿಸಿದರೆ ಅದೇ ಬಫರಿನ ಗಡುವು ಅರ್ಧಕ್ಕಿಳಿಯುತ್ತದೆ, ಎಂದರೆ ಪ್ರತಿ ಸೆಕೆಂಡಿಗೆ ಲೆಕ್ಕಹಾಕಬೇಕಾದ ಸ್ಯಾಂಪಲ್‌ಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಮನೆಯ ಕೋಣೆಯಲ್ಲಿ ಮುದ್ರಿಸುವ ಹಾಡಿಗೆ 96,000 ಬೇಕೇಬೇಕು ಎನ್ನುವ ಹಟವನ್ನು ಬಿಟ್ಟರೆ ಅರ್ಧದಷ್ಟು ದೂರುಗಳು ಅಲ್ಲಿಯೇ ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

48,000 ರೇಟಿನಲ್ಲಿ, 128ರ ಬಫರಿನಲ್ಲಿ, ಸೆಕೆಂಡಿಗೆ 375 ಕಂತುಗಳು ಸಾಗುತ್ತವೆ. ನಾಲ್ಕು ನಿಮಿಷದ ಹಾಡಿಗೆ 90,000 ಕಂತುಗಳಾದವು. ಇವುಗಳಲ್ಲಿ ಒಂದೇ ಒಂದು ತಡವಾದರೂ ಕಿವಿಗೆ 'ಟಕ್' ಎಂದು ಕೇಳಿಸುತ್ತದೆ. ಟಾಸ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಅಂಕಿ ಬದಲಿಸುತ್ತದೆ. ಎಂದರೆ ಅದು ತೋರಿಸುವುದು 375 ಕಂತುಗಳ, ಜೊತೆಗೆ ಎಲ್ಲ ಕೋರ್‌ಗಳ (ಪ್ರೊಸೆಸರಿನೊಳಗೆ ಪ್ರತ್ಯೇಕವಾಗಿ ದುಡಿಯುವ ಘಟಕಗಳ) ಸರಾಸರಿಯನ್ನು. ತಡವಾದ ಒಂದು ಕಂತು ಆ ಸರಾಸರಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಶೇ 35 ಎಂಬ ಅಂಕಿ ಸುಳ್ಳಲ್ಲದಿದ್ದರೂ ನಮ್ಮ ಪ್ರಶ್ನೆಗೆ ಉತ್ತರವಲ್ಲ.

ದೋಷ ಪ್ರೊಸೆಸರಿನ ಕಡೆಯದೇ?

ಸೆಟ್ಟಿಂಗ್‌ಗಳಿಗೆ ಕೈಹಾಕುವ ಮೊದಲು ಹಾಡನ್ನು ಒಮ್ಮೆ ಆಡಿಯೊ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಕೇಳಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಗಡುವಿನ ಒತ್ತಡವಿರುವುದಿಲ್ಲ. ತಂತ್ರಾಂಶ ತನಗೆ ಬೇಕಾದಷ್ಟು ಕಾಲ ತೆಗೆದುಕೊಳ್ಳುತ್ತದೆ. ಹೊರಬಂದ ಫೈಲ್ ಶುದ್ಧವಾಗಿದ್ದರೆ ನುಡಿಸುವಾಗಿನ ಗಡುವು ತಪ್ಪುತ್ತಿದೆ ಎಂದು ತಿಳಿಯಬಹುದು. ಫೈಲಿನಲ್ಲಿಯೂ ಅದೇ ಜಾಗದಲ್ಲಿ ಸದ್ದು ಇದ್ದರೆ ಕಾರಣ ಬೇರೆ: ಆಡಿಯೊ ತುಣುಕನ್ನು ಕತ್ತರಿಸಿದ ಕಡೆ ಫೇಡ್ ಹಾಕದೆ ಬಿಟ್ಟಿರಬಹುದು, ಧ್ವನಿ ಮಟ್ಟ ಮೀರಿ ಕೆಂಪುದೀಪ ಹತ್ತುತ್ತಿರಬಹುದು, ಇಲ್ಲವೇ ಹಾಡಿದಾಗಲೇ ಕಂತು ತಪ್ಪಿ ಸದ್ದು ಮುದ್ರಣದಲ್ಲಿಯೇ ಸೇರಿಹೋಗಿರಬಹುದು. ಕೊನೆಯದಾದರೆ ಆ ತುಣುಕನ್ನು ಮತ್ತೆ ಹಾಡಿಸುವುದೇ ಒಳ್ಳೆಯದು. ಸೆಟ್ಟಿಂಗ್ ಬದಲಾಯಿಸಿ ಹಳೆಯ ಮುದ್ರಣ ಸರಿಹೋಗುವುದಿಲ್ಲ.

ಸದ್ದು ಗಡಿಯಾರ ಇಟ್ಟಂತೆ ಸಮ ಅಂತರದಲ್ಲಿ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಕ್ಲಾಕ್ (ಸ್ಯಾಂಪಲ್‌ಗಳ ಲಯ ಹಿಡಿಯುವ ಗಡಿಯಾರ) ಸೆಟ್ಟಿಂಗ್. ಇಂಟರ್‌ಫೇಸಿಗೆ ಡಿಜಿಟಲ್ ಕೇಬಲಿನ ಮೂಲಕ ಇನ್ನೊಂದು ಉಪಕರಣ ಜೋಡಿಸಿದ್ದು, ಎರಡೂ ತಮ್ಮ ತಮ್ಮ ಕ್ಲಾಕಿನಂತೆ ನಡೆಯುತ್ತಿದ್ದರೆ, ಪ್ರೊಸೆಸರ್ ಎಷ್ಟೇ ವೇಗದ್ದಾಗಿದ್ದರೂ ಸದ್ದು ನಿಲ್ಲುವುದಿಲ್ಲ. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಕೇಳಿಸುವ, ತೆಗೆದಾಗ ನಿಲ್ಲುವ 'ಗುಂಯ್' ಎಂಬ ನಿರಂತರ ಮೊರೆತ ಅರ್ಥಿಂಗ್‌ಗೆ ಸಂಬಂಧಿಸಿದ್ದು. ಅದೂ ಈ ಕೈಪಿಡಿಯ ವಿಷಯವಲ್ಲ.

ಇನ್ನು ಡ್ರೈವರ್, ಎಂದರೆ ಯಂತ್ರಾಂಶಕ್ಕೂ ವಿಂಡೋಸ್‌ಗೂ ನಡುವೆ ಕೊಂಡಿಯಾಗಿರುವ ತಂತ್ರಾಂಶ. ವಿಂಡೋಸ್‌ನಲ್ಲಿ ವೃತ್ತಿಪರ ಧ್ವನಿ ಕೆಲಸಕ್ಕೆ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ರೂಪಿಸಿದ ಎಎಸ್‌ಐಒ ಡ್ರೈವರ್ ಪದ್ಧತಿಯೇ ಇಂದಿಗೂ ಬಳಕೆಯಲ್ಲಿದೆ. ಇಂಟರ್‌ಫೇಸ್ ತಯಾರಕರು ಕೊಟ್ಟಿರುವ ಎಎಸ್‌ಐಒ ಡ್ರೈವರನ್ನೇ ತಂತ್ರಾಂಶದಲ್ಲಿ ಆರಿಸಿರಬೇಕು. ಎಲ್ಲ ಸಾಧನಗಳಿಗೂ ಹೊಂದುವ ಎಎಸ್‌ಐಒ4ಆಲ್ ಬೇರೆ ದಾರಿಯಿಲ್ಲದಾಗ ಉಪಯುಕ್ತವಾದದ್ದು ನಿಜ, ಆದರೆ ಅದು ವಿಂಡೋಸ್‌ನ ಮಾಮೂಲಿ ಡ್ರೈವರಿನ ಮೇಲೆ ಹೊದಿಸಿದ ಒಂದು ಪದರ. ಇಂಟರ್‌ಫೇಸಿಗೆ ಸ್ವಂತ ಡ್ರೈವರ್ ಇರುವಾಗ ಅದನ್ನು ಬಳಸಲು ಕಾರಣವಿಲ್ಲ. ಇಂಟರ್‌ಫೇಸನ್ನು ಹಬ್‌ನ ಮೂಲಕವಲ್ಲದೆ ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೆ ಸಿಕ್ಕಿಸಿ ನೋಡುವುದು ಒಂದೇ ನಿಮಿಷದ ಕೆಲಸವಾದ್ದರಿಂದ ಅದನ್ನೂ ಈ ಹಂತದಲ್ಲಿಯೇ ಮುಗಿಸಬೇಕು.

ಒಂದೇ ಕೋರಿನ ಮೇಲೆ ಬೀಳುವ ಭಾರ

ಈಗ ತಂತ್ರಾಂಶದ ಒಳಗಿನ ಮೀಟರನ್ನು ನೋಡಬೇಕು. ರೀಪರ್‌ನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆರೆದರೆ, ಒಂದು ಕಂತಿಗೆ ಹಿಡಿದ ಗರಿಷ್ಠ ಕಾಲವನ್ನೂ ಅದಕ್ಕಿದ್ದ ಗಡುವನ್ನೂ ಅಕ್ಕಪಕ್ಕದಲ್ಲಿ ಮಿಲಿಸೆಕೆಂಡುಗಳಲ್ಲಿ ತೋರಿಸುತ್ತದೆ. ಗಡುವು ಎಷ್ಟು ಸಲ ತಪ್ಪಿತು ಎಂಬ ಎಣಿಕೆಯೂ ಅಲ್ಲಿರುತ್ತದೆ. ಯಾವ ಟ್ರ್ಯಾಕ್ ಎಷ್ಟು ಭಾರ ಹೊರಿಸುತ್ತಿದೆ ಎಂಬುದೂ ಕಾಣುತ್ತದೆ. ಕ್ಯೂಬೇಸ್‌ನಲ್ಲಿ ಸರಾಸರಿ ಭಾರ ಮತ್ತು ರಿಯಲ್‌ಟೈಮ್ ಪೀಕ್ ಎಂಬ ಎರಡು ಪ್ರತ್ಯೇಕ ಪಟ್ಟಿಗಳಿವೆ. ನಮಗೆ ಮುಖ್ಯವಾದದ್ದು ಎರಡನೆಯದು. ಟಾಸ್ಕ್ ಮ್ಯಾನೇಜರಿನಲ್ಲಿ ಶೇ 35 ಇದ್ದು ಈ ಮೀಟರ್ ಶೇ 90 ದಾಟಿದ್ದರೆ ಅದರ ಅರ್ಥ ಬಹುಮಟ್ಟಿಗೆ ಒಂದೇ: ಉಳಿದ ಕೋರ್‌ಗಳು ಸುಮ್ಮನಿವೆ, ಒಂದು ಕೋರ್ ತುಂಬಿಹೋಗಿದೆ.

ಹೀಗಾಗುವುದಕ್ಕೆ ಕಾರಣ ಸಂಕೇತ ಹರಿಯುವ ದಾರಿ. ಬೇರೆ ಬೇರೆ ಟ್ರ್ಯಾಕ್‌ಗಳನ್ನು ತಂತ್ರಾಂಶ ಬೇರೆ ಬೇರೆ ಕೋರ್‌ಗಳಿಗೆ ಹಂಚಬಲ್ಲದು. ಆದರೆ ಒಂದು ಟ್ರ್ಯಾಕಿನೊಳಗೆ ಸಾಲಾಗಿ ಕೂರಿಸಿದ ಪ್ಲಗಿನ್‌ಗಳನ್ನು ಹಂಚಲಾಗದು, ಏಕೆಂದರೆ ಈಕ್ವಲೈಸರ್‌ನಿಂದ ಹೊರಬಂದದ್ದೇ ಕಂಪ್ರೆಸರ್‌ಗೆ ಒಳಹೋಗಬೇಕು, ಕಂಪ್ರೆಸರ್‌ನಿಂದ ಬಂದದ್ದೇ ರಿವರ್ಬ್‌ಗೆ ಹೋಗಬೇಕು. ಹತ್ತು ಮಂದಿ ಅಡುಗೆಯವರು ಸುತ್ತ ನಿಂತರೂ ಒಂದು ಹಂಡೆ ಅನ್ನ ಹತ್ತರಷ್ಟು ಬೇಗ ಬೇಯುವುದಿಲ್ಲ. ಆ ಟ್ರ್ಯಾಕ್ ಒಂದು ಬಸ್‌ಗೆ (ಹಲವು ಟ್ರ್ಯಾಕ್‌ಗಳು ಬಂದು ಕೂಡುವ ದಾರಿಗೆ), ಆ ಬಸ್ ಇನ್ನೊಂದು ಬಸ್‌ಗೆ, ಅದು ಮಾಸ್ಟರ್‌ಗೆ ಹೋಗುವಂತಿದ್ದರೆ ಸರಪಳಿ ಮತ್ತಷ್ಟು ಉದ್ದವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮಾಸ್ಟರ್ ಟ್ರ್ಯಾಕಿನ ಕೊನೆಯಲ್ಲಿ ಕೂರಿಸಿದ, ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಲೆಕ್ಕಹಾಕುವ ಕ್ರಮ) ಇರುವ ಲಿಮಿಟರ್ ಮತ್ತು ಲೀನಿಯರ್ ಫೇಸ್ ಈಕ್ವಲೈಸರ್. ಹಾಡು ಇನ್ನೂ ಮುದ್ರಣವಾಗುತ್ತಿರುವಾಗ ಅವುಗಳಿಗೆ ಅಲ್ಲಿ ಕೆಲಸವೇ ಇಲ್ಲ.

ಹಾಗಾಗಿ ಪರೀಕ್ಷೆ ಸುಲಭ. ಮಾಸ್ಟರ್ ಟ್ರ್ಯಾಕಿನ ಎಲ್ಲ ಪ್ಲಗಿನ್‌ಗಳನ್ನು ಬೈಪಾಸ್ ಮಾಡಿ, ರಿಯಲ್‌ಟೈಮ್ ಮೀಟರ್ ಎಷ್ಟು ಇಳಿಯಿತು ಎಂದು ನೋಡಬೇಕು. ಇಳಿಯದಿದ್ದರೆ ಬಸ್‌ಗಳನ್ನು ಒಂದೊಂದಾಗಿ, ಆಮೇಲೆ ಭಾರವಾದ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಕೆಲವು ಪ್ಲಗಿನ್‌ಗಳು ಬೈಪಾಸ್ ಆಗಿದ್ದರೂ ಒಳಗೊಳಗೆ ಲೆಕ್ಕ ಹಾಕುತ್ತಲೇ ಇರುತ್ತವೆ. ಅಂತಹ ಅನುಮಾನವಿದ್ದರೆ ಬೈಪಾಸ್ ಸಾಲದು, ಪೂರ್ತಿ ಆಫ್‌ಲೈನ್ ಮಾಡಬೇಕು. ಅಪರಾಧಿ ಸಿಕ್ಕಿದ ಮೇಲೆ ಪರಿಹಾರ ಹುಡುಕುವುದು ಕಷ್ಟವಲ್ಲ: ಓವರ್‌ಸ್ಯಾಂಪ್ಲಿಂಗ್ ಇಳಿಸುವುದು, ಮುಗಿದ ವಾದ್ಯದ ಟ್ರ್ಯಾಕನ್ನು ಫ್ರೀಜ್ ಮಾಡುವುದು (ತಾತ್ಕಾಲಿಕವಾಗಿ ಆಡಿಯೊ ಫೈಲಾಗಿಸಿ ಇಡುವುದು), ಟ್ರ್ಯಾಕಿಗೊಂದರಂತೆ ಇರುವ ಎಂಟು ರಿವರ್ಬ್‌ಗಳ ಬದಲು ಒಂದನ್ನೇ ಸೆಂಡ್ (ಟ್ರ್ಯಾಕಿನ ಧ್ವನಿಯ ಒಂದು ಪ್ರತಿಯನ್ನು ಕಳಿಸುವ ದಾರಿ) ಮೂಲಕ ಹಂಚಿಕೊಳ್ಳುವುದು. ಸ್ಯಾಂಪ್ಲರ್‌ಗಳ ವಿಷಯದಲ್ಲಿ ಒಂದು ಮಾತು: ತಬಲಾ, ಮೃದಂಗ, ಘಟ ಎಲ್ಲವನ್ನೂ ಒಂದೇ ಸ್ಯಾಂಪ್ಲರ್‌ನೊಳಗೆ ತುಂಬಿ ಹಲವು ಔಟ್‌ಪುಟ್ ತೆಗೆಯುವ ಬದಲು, ಪ್ರತಿ ವಾದ್ಯಕ್ಕೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಪ್ರತ್ಯೇಕ ಸ್ಯಾಂಪ್ಲರ್ ತೆರೆದರೆ ತಂತ್ರಾಂಶಕ್ಕೆ ಕೆಲಸ ಹಂಚಲು ಅವಕಾಶ ಸಿಗುತ್ತದೆ. ಸ್ವಲ್ಪ ಹೆಚ್ಚು ಮೆಮೊರಿ ಬೇಕಾಗುತ್ತದೆ, ಆದರೆ ಇಲ್ಲಿ ಮೆಮೊರಿಗಿಂತ ಕಾಲವೇ ದುಬಾರಿ.

ಹಾಡು ನುಡಿಸುವಾಗ ಎಲ್ಲವೂ ಸರಿಯಿದ್ದು, ಗಾಯನದ ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಜ್ಜುಗೊಳಿಸಿದ ಕೂಡಲೇ ಚಟಪಟ ಆರಂಭವಾಗುವುದಾದರೆ ಅದಕ್ಕೂ ಒಂದು ವಿವರಣೆಯಿದೆ. ಈಗಾಗಲೇ ಮುದ್ರಣವಾಗಿರುವ ಟ್ರ್ಯಾಕ್‌ಗಳನ್ನು ತಂತ್ರಾಂಶ ಮುಂಚಿತವಾಗಿಯೇ ಲೆಕ್ಕಹಾಕಿ ಇಟ್ಟುಕೊಳ್ಳಬಲ್ಲದು. ಮುಂದೆ ಏನು ಬರುತ್ತದೆಂದು ಅದಕ್ಕೆ ಗೊತ್ತಿರುತ್ತದೆ. ಕ್ಯೂಬೇಸ್ ಇದನ್ನು ಎಎಸ್‌ಐಒ ಗಾರ್ಡ್ ಎಂದೂ ರೀಪರ್ ಆಂಟಿಸಿಪೇಟಿವ್ ಎಫ್‌ಎಕ್ಸ್ ಎಂದೂ ಕರೆಯುತ್ತವೆ. ಆದರೆ ಹಾಡುವವರ ಬಾಯಿಂದ ಮುಂದಿನ ಕ್ಷಣ ಏನು ಬರಲಿದೆ ಎಂದು ತಂತ್ರಾಂಶಕ್ಕೆ ಗೊತ್ತಿರಲು ಸಾಧ್ಯವಿಲ್ಲ. ಸಜ್ಜುಗೊಳಿಸಿದ ಟ್ರ್ಯಾಕ್ ಮತ್ತು ಅದು ಹಾದುಹೋಗುವ ಬಸ್‌ಗಳು, ಮಾಸ್ಟರ್ ಎಲ್ಲವೂ ಆ ರಕ್ಷಣೆಯಿಂದ ಹೊರಬಿದ್ದು ಕಟ್ಟುನಿಟ್ಟಿನ ಗಡುವಿಗೆ ಒಳಪಡುತ್ತವೆ. ಗಾಯನದ ದಾರಿಯಲ್ಲಿರುವ ಭಾರವಾದ ಪ್ಲಗಿನ್‌ಗಳನ್ನು ಮುದ್ರಣ ಮುಗಿಯುವವರೆಗೆ ತೆಗೆದಿಡುವುದೇ ಇದಕ್ಕೆ ಸರಿಯಾದ ಉಪಾಯ.

ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರಿಂಗ್ ಇದ್ದರೆ ಇನ್ನೂ ಸರಳವಾದ ದಾರಿಯಿದೆ. ಹಾಡುವವರು ತಮ್ಮ ಧ್ವನಿಯನ್ನು ಗಣಕದೊಳಗಿನಿಂದ ಕೇಳಿಸಿಕೊಳ್ಳದೆ ನೇರವಾಗಿ ಇಂಟರ್‌ಫೇಸಿನಿಂದಲೇ ಕೇಳಿಸಿಕೊಂಡರೆ ಬಫರನ್ನು 512ಕ್ಕೋ 1024ಕ್ಕೋ ಏರಿಸಿ ನಿಶ್ಚಿಂತೆಯಿಂದ ಮುದ್ರಿಸಬಹುದು. ಗಣಕದ ಮೂಲಕ ಕೇಳುವುದಾದರೆ 1024ರ ಬಫರಿನಲ್ಲಿ ಒಳಬರುವ ಕಂತು, ಹೊರಹೋಗುವ ಕಂತು ಎರಡೇ ಸೇರಿ ಸುಮಾರು 43 ಮಿಲಿಸೆಕೆಂಡು ತಡವಾಗುತ್ತದೆ. ಸುಮಾರು 10 ಮಿಲಿಸೆಕೆಂಡು ದಾಟುತ್ತಿದ್ದಂತೆಯೇ ಅನೇಕ ಗಾಯಕರಿಗೆ ತೊಡಕು ಅನುಭವಕ್ಕೆ ಬರತೊಡಗುತ್ತದೆ. ಹೆಡ್‌ಫೋನಿನಲ್ಲಿ ರಿವರ್ಬ್ ಬೇಡವೆನ್ನುವ ಶಾಸ್ತ್ರೀಯ ಗಾಯಕರ ಮಟ್ಟಿಗೆ ಈ ಇಡೀ ಕೈಪಿಡಿ ಡೈರೆಕ್ಟ್ ಮಾನಿಟರಿಂಗ್‌ನ ಒಂದು ಗುಂಡಿಯಲ್ಲಿ ಮುಗಿದುಹೋಗಬಹುದು.

ನಡುವೆ ನುಗ್ಗುವ ಡ್ರೈವರ್‌ಗಳು

ರಿಯಲ್‌ಟೈಮ್ ಮೀಟರ್ ಶೇ 30, 40ರ ಆಸುಪಾಸಿನಲ್ಲಿ ನೆಮ್ಮದಿಯಾಗಿದ್ದೂ ಆಗೊಮ್ಮೆ ಈಗೊಮ್ಮೆ ಗೊತ್ತುಗುರಿಯಿಲ್ಲದೆ 'ಟಕ್' ಎನ್ನುತ್ತಿದ್ದರೆ ಸಂಶಯ ಬೇರೆ ಕಡೆಗೆ ತಿರುಗಬೇಕು. ವಿಂಡೋಸ್‌ನಲ್ಲಿ ವೈಫೈ, ಗ್ರಾಫಿಕ್ಸ್, ಬ್ಯಾಟರಿ ಮೊದಲಾದ ಯಂತ್ರಾಂಶಗಳ ಡ್ರೈವರ್‌ಗಳು ತುರ್ತು ಕೆಲಸವೆಂದು ಒಂದು ಕೋರನ್ನು ಹಿಡಿದರೆ, ಅವು ಬಿಡುವವರೆಗೆ ಆ ಕೋರಿನಲ್ಲಿದ್ದ ಆಡಿಯೊ ಕೆಲಸ ಕಾಯಲೇಬೇಕು, ಆಡಿಯೊಗೆ ಎಷ್ಟೇ ಆದ್ಯತೆ ಕೊಟ್ಟಿದ್ದರೂ ಕಾಯಬೇಕು. ಒಂದು ಡ್ರೈವರ್ 1,000 ಮೈಕ್ರೊಸೆಕೆಂಡು ಕೋರನ್ನು ಬಿಡದೆ ಹಿಡಿದರೆ 2,670 ಮೈಕ್ರೊಸೆಕೆಂಡಿನ ಗಡುವಿನಲ್ಲಿ ಉಳಿಯುವುದು 1,670. ಆಡಿಯೊ ಕೆಲಸಕ್ಕೆ 1,800 ಬೇಕಿದ್ದರೆ ಅಲ್ಲಿಗೆ ಕಂತು ತಪ್ಪಿತು.

ಇದನ್ನು ಅಳೆಯಲು ರೆಸ್ಪ್ಲೆಂಡೆನ್ಸ್ ಸಂಸ್ಥೆಯ ಲೇಟೆನ್ಸಿಮಾನ್ ಎಂಬ ಉಪಕರಣ ಸಾಕು. ಚಾರ್ಜರ್ ಸಿಕ್ಕಿಸಿ, ಧ್ವನಿ ತಂತ್ರಾಂಶವನ್ನು ಮುಚ್ಚಿ, ಹತ್ತು ನಿಮಿಷ ಅದನ್ನು ಓಡಿಸಬೇಕು. ಆಮೇಲೆ ಪ್ರಾಜೆಕ್ಟ್ ನುಡಿಸುತ್ತಾ ಇನ್ನೊಮ್ಮೆ ಓಡಿಸಬೇಕು. ಮೊದಲ ಪುಟದ ಹಸಿರು, ಕೆಂಪು ತೀರ್ಪಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಡ್ರೈವರ್ಸ್ ಪುಟಕ್ಕೆ ಹೋಗಿ, ಗರಿಷ್ಠ ಕಾಲ ಹಿಡಿದವು ಮೇಲೆ ಬರುವಂತೆ ಜೋಡಿಸಿ, ಮೊದಲ ಮೂರು ನಾಲ್ಕು ಹೆಸರುಗಳನ್ನು ಬರೆದುಕೊಳ್ಳಬೇಕು. ಎನ್‌ಡಿಐಎಸ್ ಎಂದಿದ್ದರೆ ನೆಟ್‌ವರ್ಕ್, ಡಿಎಕ್ಸ್‌ಜಿ ಎಂದು ಆರಂಭವಾಗಿದ್ದರೆ ಗ್ರಾಫಿಕ್ಸ್, ಎಸಿಪಿಐ ಎಂದಿದ್ದರೆ ಬ್ಯಾಟರಿ ಮತ್ತು ವಿದ್ಯುತ್ ನಿರ್ವಹಣೆ, ಸ್ಟೋರ್‌ಪೋರ್ಟ್ ಎಂದಿದ್ದರೆ ಡಿಸ್ಕ್. ಇಲ್ಲಿ ಹಲವರು ಎಡವುತ್ತಾರೆ: ಈ ಹೆಸರುಗಳು ವಿಂಡೋಸ್‌ನ ಸಾಮಾನ್ಯ ಭಾಗಗಳವು, ನಿಜವಾಗಿ ತಡಮಾಡುತ್ತಿರುವುದು ಅವುಗಳ ಕೆಳಗೆ ಕೆಲಸ ಮಾಡುವ ನಿರ್ದಿಷ್ಟ ಯಂತ್ರಾಂಶದ ಡ್ರೈವರ್. ಆದ್ದರಿಂದ ವಿಂಡೋಸನ್ನೇ ಮರುಸ್ಥಾಪಿಸುವ ಸಾಹಸಕ್ಕೆ ಇಳಿಯಬೇಕಾಗಿಲ್ಲ.

ನೆಟ್‌ವರ್ಕ್ ಎಂದು ಕಂಡರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರನ್ನೂ ಬ್ಲೂಟೂತನ್ನೂ ನಿಷ್ಕ್ರಿಯಗೊಳಿಸಿ ಮತ್ತೆ ಅಳೆಯಬೇಕು. ಅಂಕಿ ಇಳಿದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಹೊಸ ಡ್ರೈವರ್ ಹಾಕಿ ನೋಡಬಹುದು, ಹೊಸದರಿಂದಲೇ ತೊಂದರೆ ಶುರುವಾಗಿದ್ದರೆ ಹಳೆಯದಕ್ಕೆ ಮರಳಬಹುದು. ಇಷ್ಟರಿಂದಲೂ ಆಗದಿದ್ದರೆ ಮುದ್ರಣದ ಹೊತ್ತಿನಲ್ಲಿ ವೈಫೈ ಆಫ್ ಮಾಡಿಡುವುದು ಅವಮಾನವೇನಲ್ಲ. ಗ್ರಾಫಿಕ್ಸ್ ಎಂದು ಕಂಡರೆ ಗ್ರಾಫಿಕ್ಸ್ ಡ್ರೈವರಿನ ನಿಯಂತ್ರಣ ಫಲಕದಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಯನ್ನು ತೆಗೆದು ನೋಡಬೇಕು. ಎಸಿಪಿಐ ಎಂದು ಕಂಡು, ಸದ್ದು ಹಲವಾರು ಸೆಕೆಂಡುಗಳಿಗೊಮ್ಮೆ ಬರುತ್ತಿದ್ದರೆ, ಡಿವೈಸ್ ಮ್ಯಾನೇಜರಿನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿಯ ಮಟ್ಟವನ್ನು ಓದುವ ಸಾಧನವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ ಪರೀಕ್ಷಿಸಬಹುದು. ಆಗ ಬ್ಯಾಟರಿ ಎಷ್ಟು ಉಳಿದಿದೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲವಾದ್ದರಿಂದ ಕೆಲಸ ಮುಗಿದ ಮೇಲೆ ಮರೆಯದೆ ಸಕ್ರಿಯಗೊಳಿಸಬೇಕು.

ವಿದ್ಯುತ್ ಉಳಿತಾಯ ಮತ್ತು ಬಿಸಿ

ಪ್ರೊಸೆಸರ್ ಸೆಟ್ಟಿಂಗ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವ ಪವರ್ ಪ್ಲಾನ್‌ಗೆ ಈಗ ಬರೋಣ. ಇಂದಿನ ಪ್ರೊಸೆಸರ್ ಕೆಲಸವಿಲ್ಲದ ಪ್ರತಿ ಗಳಿಗೆಯಲ್ಲೂ ವೇಗ ಇಳಿಸುತ್ತದೆ, ಕೋರ್‌ಗಳನ್ನು ನಿದ್ರೆಗೆ ಕಳಿಸುತ್ತದೆ. ಆಳವಾದ ನಿದ್ರೆಯಿಂದ ಕೋರ್ ಎದ್ದು ಬರಲು ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೊಸೆಕೆಂಡು ಬೇಕು. ಪತ್ರ ಬರೆಯುವವರಿಗೆ ಇದು ಗಮನಕ್ಕೂ ಬಾರದು. ಆದರೆ ಆಡಿಯೊ ಕೆಲಸದ ಸ್ವಭಾವವೇ 2.67 ಮಿಲಿಸೆಕೆಂಡಿಗೊಮ್ಮೆ ಎದ್ದು, ಒಂದಿಷ್ಟು ದುಡಿದು, ಸುಮ್ಮನಾಗುವುದು. ಪ್ರೊಸೆಸರ್ ಆ ಸುಮ್ಮನಿರುವ ಭಾಗವನ್ನು ನೋಡಿ ಕೆಲಸ ಕಡಿಮೆಯಿದೆ ಎಂದು ತೀರ್ಮಾನಿಸುತ್ತದೆ. ಹಗುರವಾದ ಪ್ರಾಜೆಕ್ಟಿನಲ್ಲಿ ಚಟಪಟ ಕೇಳಿಸಿ, ಭಾರವಾದ ಪ್ರಾಜೆಕ್ಟಿನಲ್ಲಿ ಕೇಳಿಸದಿರುವ ವಿಚಿತ್ರ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಪ್ಲಾನ್ ಇದ್ದರೆ ಅದನ್ನು ಆರಿಸಬೇಕು. ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮಿನಿಮಮ್ ಪ್ರೊಸೆಸರ್ ಸ್ಟೇಟ್ ಶೇ 100 ಇರಬೇಕು, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಷ್ಕ್ರಿಯವಾಗಿರಬೇಕು, ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಇರಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಲೆನ್ಸ್ಡ್ ಎಂಬ ಒಂದೇ ಪ್ಲಾನ್ ಕಾಣುವುದುಂಟು. ಅವುಗಳಲ್ಲಿ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಆರಿಸುವುದೂ, ತಯಾರಕರು ಕೊಟ್ಟಿರುವ ನಿಯಂತ್ರಣ ತಂತ್ರಾಂಶದಲ್ಲಿ ಫ್ಯಾನ್ ಮತ್ತು ವೇಗದ ಮೋಡನ್ನು ಅದಕ್ಕೆ ಹೊಂದಿಸುವುದೂ ಸಾಕಾಗುತ್ತದೆ. ಇವೆರಡು ಒಂದಕ್ಕೊಂದು ವಿರುದ್ಧವಾಗಿದ್ದರೆ ತಯಾರಕರ ತಂತ್ರಾಂಶದ್ದೇ ಮೇಲುಗೈಯಾಗುವುದನ್ನು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕಾಣಬಹುದು.

ಸದ್ದು ಮೊದಲ ಕೆಲವು ನಿಮಿಷ ಇರದೆ ಆಮೇಲೆ ಆರಂಭವಾಗಿ ಹೆಚ್ಚುತ್ತಾ ಹೋಗುವುದಾದರೆ ಕಾರಣ ಬಿಸಿ. ಲ್ಯಾಪ್‌ಟಾಪ್ ಪ್ರೊಸೆಸರ್‌ನ ಪೆಟ್ಟಿಗೆಯ ಮೇಲೆ ಬರೆದಿರುವ ಟರ್ಬೊ ವೇಗ ಅಲ್ಪಕಾಲದ್ದು. ಅದರ ಅವಧಿ ಮುಗಿದ ಮೇಲೆ, ಅಥವಾ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಮಿತಿಗೆ ಬಂದ ಕೂಡಲೇ, ವೇಗ ಇಳಿಯುತ್ತದೆ. ಎಚ್‌ಡಬ್ಲ್ಯುಇನ್ಫೊ ಎಂಬ ಉಪಕರಣದಲ್ಲಿ ಪ್ರತಿ ಕೋರಿನ ವೇಗ, ಉಷ್ಣತೆ ಹಾಗೂ ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದ ವೇಗ ಕಡಿತ) ಆಯಿತೇ ಎಂಬ ಸಾಲನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮನೆಯ ಸ್ಟುಡಿಯೊಗಳಲ್ಲಿ ಈ ದೋಷ ತಾನಾಗಿಯೇ ಉಲ್ಬಣಿಸುವ ಸನ್ನಿವೇಶವೊಂದಿದೆ: ಮೈಕಿಗೆ ಸದ್ದು ಸೇರಬಾರದೆಂದು ಸೀಲಿಂಗ್ ಫ್ಯಾನ್, ಎಸಿ ಎರಡನ್ನೂ ನಿಲ್ಲಿಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ದಪ್ಪ ಬಟ್ಟೆ ಹೊದಿಸಿದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಹೀಗೆ ಮಾಡಿದರೆ ಎಂತಹ ಪ್ರೊಸೆಸರ್ ಕೂಡ ವೇಗ ಇಳಿಸಲೇಬೇಕು. ಲ್ಯಾಪ್‌ಟಾಪಿನ ಹಿಂಭಾಗವನ್ನು ಎತ್ತರಿಸಿ ಗಾಳಿಯಾಡಲು ಬಿಡುವುದು, ಒಳಗಿನ ಧೂಳು ತೆಗೆಸುವುದು, ಹಾಡುಗಳ ನಡುವೆ ಫ್ಯಾನ್ ಹಾಕುವುದು ಇವುಗಳಿಂದ ಸಿಗುವ ಪ್ರಯೋಜನ ಯಾವ ಸೆಟ್ಟಿಂಗಿನಿಂದಲೂ ಸಿಗುವುದಿಲ್ಲ.

ಇಲ್ಲಿ ಮೇಲುನೋಟಕ್ಕೆ ವಿರುದ್ಧವೆನಿಸುವ ಒಂದು ಉಪಾಯವೂ ಇದೆ. ಅದೇ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟನ್ನು ಶೇ 99ಕ್ಕೆ ಇಳಿಸಿದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ನಿಂತು, ಪ್ರೊಸೆಸರ್ ತನ್ನ ಮೂಲ ವೇಗದಲ್ಲಿಯೇ ಏರಿಳಿತವಿಲ್ಲದೆ ಓಡುತ್ತದೆ. ಬಿಸಿಯೂ ಫ್ಯಾನಿನ ಸದ್ದೂ ಕಡಿಮೆಯಾಗುತ್ತವೆ. ಗರಿಷ್ಠ ವೇಗ ಇಳಿದರೂ ಧ್ವನಿ ಶುದ್ಧವಾದರೆ ದೋಷ ಬಿಸಿಯದೆಂದು ಖಚಿತವಾಗುತ್ತದೆ. ಪ್ರಾಜೆಕ್ಟ್ ಅಷ್ಟರಲ್ಲಿಯೇ ಓಡುವುದಾದರೆ ಮುದ್ರಣದ ವೇಳೆ ಹಾಗೆಯೇ ಬಿಡಲೂಬಹುದು, ಏಕೆಂದರೆ ಗಡುವಿನ ಕೆಲಸಕ್ಕೆ ಆಗಾಗ ಕುಸಿಯುವ ಹೆಚ್ಚಿನ ವೇಗಕ್ಕಿಂತ ಕುಸಿಯದ ಕಡಿಮೆ ವೇಗ ಒಳ್ಳೆಯದು.

ಕರೆಂಟು ಹೋದ ಕ್ಷಣದಿಂದ ಸದ್ದು ಆರಂಭವಾಗುವುದು ಇನ್ನೊಂದು ಸ್ಪಷ್ಟ ಲಕ್ಷಣ. ಬ್ಯಾಟರಿಯ ಮೇಲೆ ಓಡುವಾಗ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಪ್ರೊಸೆಸರಿಗೆ ಕೊಡುವ ವಿದ್ಯುತ್ತನ್ನೇ ಕಡಿತಗೊಳಿಸುತ್ತವೆ, ಮತ್ತು ಪವರ್ ಪ್ಲಾನ್‌ನಲ್ಲಿ ಬ್ಯಾಟರಿಗೆ ಬೇರೆಯೇ ಅಂಕಣವಿದೆ. ಮೂಲ ಚಾರ್ಜರಿನ ಬದಲು ಕಡಿಮೆ ವ್ಯಾಟಿನ ಫೋನ್ ಚಾರ್ಜರನ್ನು ಟೈಪ್‌ಸಿ ಪೋರ್ಟಿಗೆ ಸಿಕ್ಕಿಸಿದಾಗಲೂ ಹಲವು ಲ್ಯಾಪ್‌ಟಾಪ್‌ಗಳು ಇದೇ ರೀತಿ ನಡೆದುಕೊಳ್ಳುತ್ತವೆ.

ಎರಡು ಬಗೆಯ ಕೋರ್‌ಗಳು

2021ರ ಕೊನೆಯಲ್ಲಿ ಬಂದ ಇಂಟೆಲ್‌ನ 12ನೇ ಪೀಳಿಗೆಯಿಂದ ಅನೇಕ ಪ್ರೊಸೆಸರ್‌ಗಳಲ್ಲಿ ವೇಗದ ಪಿ ಕೋರ್‌ಗಳೂ ಮಿತವ್ಯಯದ ಇ ಕೋರ್‌ಗಳೂ ಒಟ್ಟಿಗಿವೆ. ಯಾವ ಕೆಲಸ ಯಾವ ಕೋರಿಗೆ ಹೋಗಬೇಕೆಂದು ಪ್ರೊಸೆಸರ್ ಕೊಡುವ ಸೂಚನೆಯನ್ನು ನೋಡಿ ವಿಂಡೋಸ್ 11 ನಿರ್ಧರಿಸುತ್ತದೆ. ಧ್ವನಿ ತಂತ್ರಾಂಶದ ಕಿಟಕಿಯನ್ನು ಕೆಳಗಿಳಿಸಿದಾಗ ಅಥವಾ ಸಾಹಿತ್ಯ ನೋಡಲು ಇನ್ನೊಂದು ಕಿಟಕಿ ಮುಂದೆ ತಂದಾಗ ಮಾತ್ರ ಸದ್ದು ಒಡೆಯುವುದಾದರೆ, ಹಿನ್ನೆಲೆಗೆ ಸರಿದ ಕೆಲಸ ಇ ಕೋರಿಗೆ ವರ್ಗವಾಗುತ್ತಿದೆಯೇ ಎಂದು ಶಂಕಿಸಬೇಕು. ಟಾಸ್ಕ್ ಮ್ಯಾನೇಜರಿನ ಗ್ರಾಫನ್ನು ಲಾಜಿಕಲ್ ಪ್ರೊಸೆಸರ್ಸ್ ಎಂದು ಬದಲಿಸಿದರೆ ಭಾರ ಒಂದು ಗುಂಪಿನಿಂದ ಇನ್ನೊಂದಕ್ಕೆ ಜಾರುವುದು ಕಣ್ಣಿಗೇ ಕಾಣುತ್ತದೆ. ಪವರ್ ಮೋಡ್ ಸರಿಪಡಿಸಿ, ತಂತ್ರಾಂಶವನ್ನು ಹೊಸ ಆವೃತ್ತಿಗೆ ತಂದರೂ ಹೋಗದಿದ್ದರೆ, ಟಾಸ್ಕ್ ಮ್ಯಾನೇಜರಿನ ಸೆಟ್ ಅಫಿನಿಟಿಯಲ್ಲಿ ಪಿ ಕೋರ್‌ಗಳನ್ನಷ್ಟೇ ಉಳಿಸಿ ಪರೀಕ್ಷಿಸಬಹುದು. ತಂತ್ರಾಂಶ ಮುಚ್ಚಿ ತೆರೆದರೆ ಈ ಆಯ್ಕೆ ಅಳಿಸಿಹೋಗುತ್ತದೆ. ಪರೀಕ್ಷೆಗೆ ಅದೇ ಅನುಕೂಲ.

ಬಯೋಸ್ ಕೊನೆಗೆ

ಬಯೋಸ್‌ಗೆ (ವಿಂಡೋಸ್ ಆರಂಭವಾಗುವ ಮೊದಲೇ ತೆರೆಯುವ, ಗಣಕದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಸಿ ಸ್ಟೇಟ್ಸ್ (ಕೋರ್‌ಗಳ ನಿದ್ರೆಯ ಹಂತಗಳು), ಸ್ಪೀಡ್‌ಸ್ಟೆಪ್, ಟರ್ಬೊ, ಹೈಪರ್‌ಥ್ರೆಡಿಂಗ್ ಎಲ್ಲವನ್ನೂ ಆಫ್ ಮಾಡಿ ಎಂಬ ಸಲಹೆ ಇಂದಿಗೂ ಚಲಾವಣೆಯಲ್ಲಿದೆ. ಹಳೆಯ ಡೆಸ್ಕ್‌ಟಾಪ್‌ಗಳ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗ ಕಣ್ಣುಮುಚ್ಚಿ ಹಾಗೆ ಮಾಡಿದರೆ ನಷ್ಟವೇ ಆಗಬಹುದು: ಉಳಿದ ಕೋರ್‌ಗಳು ನಿದ್ರಿಸುತ್ತಿರುವಾಗ ಮಾತ್ರ ಒಂದೆರಡು ಕೋರ್‌ಗಳು ಗರಿಷ್ಠ ಟರ್ಬೊ ಮುಟ್ಟುವಂತೆ ಅನೇಕ ಪ್ರೊಸೆಸರ್‌ಗಳನ್ನು ರೂಪಿಸಲಾಗಿದೆ, ಸಿ ಸ್ಟೇಟ್ಸ್ ಆಫ್ ಮಾಡಿದರೆ ಒಂದೇ ಕೋರಿನ ಮೇಲೆ ಬೀಳುವ ಭಾರಕ್ಕೆ ಬೇಕಾದ ಆ ವೇಗವೇ ಕೈತಪ್ಪುತ್ತದೆ, ಲ್ಯಾಪ್‌ಟಾಪ್ ಬೇಗ ಬಿಸಿಯೇರುತ್ತದೆ. ಮೇಲಿನ ಎಲ್ಲ ಹಂತಗಳೂ ಮುಗಿದು, ಹಗುರವಾದ ಪ್ರಾಜೆಕ್ಟಿನಲ್ಲಿಯೂ ಸದ್ದು ಉಳಿದಿದ್ದರೆ ಮಾತ್ರ ಡೆಸ್ಕ್‌ಟಾಪಿನಲ್ಲಿ ಸಿ ಸ್ಟೇಟ್ಸ್ ಒಂದನ್ನೇ ಬದಲಿಸಿ ಅಳೆದು ನೋಡಬಹುದು. ಎಎಂಡಿ ಗಣಕಗಳಲ್ಲಿ ಇದೇ ಆಯ್ಕೆ ಗ್ಲೋಬಲ್ ಸಿ ಸ್ಟೇಟ್ ಕಂಟ್ರೋಲ್ ಎಂಬ ಹೆಸರಿನಲ್ಲಿರುತ್ತದೆ. ಬದಲಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಇದ್ದರೆ ಅದರ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಂಡಿರಬೇಕು, ಏಕೆಂದರೆ ಬಯೋಸ್‌ನ ಕೆಲವು ಬದಲಾವಣೆಗಳ ಬಳಿಕ ಗಣಕ ಆ ಕೀ ಕೇಳಿ ನಿಂತುಬಿಡುತ್ತದೆ.

ವಿಂಡೋಸ್‌ನಲ್ಲಿ ಪ್ರೊಸೆಸರ್ ಶೆಡ್ಯೂಲಿಂಗನ್ನು ಬ್ಯಾಕ್‌ಗ್ರೌಂಡ್ ಸರ್ವಿಸಸ್‌ಗೆ ಬದಲಿಸುವ ಹಳೆಯ ಸಲಹೆಯ ಬಗ್ಗೆಯೂ ಇಷ್ಟೇ ಹೇಳಬಹುದು. ವಿಸ್ಟಾದ ಕಾಲದಿಂದ ಆಡಿಯೊ ಕೆಲಸಗಳಿಗೆ ಆದ್ಯತೆ ಕೊಡಿಸುವ ಪ್ರತ್ಯೇಕ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ಅದನ್ನು ಬಳಸಿಕೊಳ್ಳುವ ಈಗಿನ ತಂತ್ರಾಂಶಗಳಿಗೆ ಆ ಬದಲಾವಣೆಯಿಂದ ವ್ಯತ್ಯಾಸ ಬಲು ಕಡಿಮೆ.

ಉಳಿದ ಕೆಲವು

ಹೊಸ ಸ್ವರ ಮೊದಲ ಬಾರಿ ಬಂದಾಗ ಮಾತ್ರ ಕಡಿದು, ಎರಡನೆಯ ಸಲ ನುಡಿಸಿದಾಗ ಸರಿಯಾಗುವುದಾದರೆ ಕಾರಣ ಡಿಸ್ಕ್. ಸ್ಯಾಂಪಲ್ ಸಂಗ್ರಹವನ್ನು ತಿರುಗುವ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ವರ್ಗಾಯಿಸುವುದು, ಸ್ಯಾಂಪ್ಲರ್‌ನ ಪ್ರಿಲೋಡ್ ಬಫರ್ ಹೆಚ್ಚಿಸುವುದು, ಸ್ಯಾಂಪಲ್ ಇರುವ ಫೋಲ್ಡರನ್ನಷ್ಟೇ ವಿಂಡೋಸ್ ಡಿಫೆಂಡರ್‌ನ ತಪಾಸಣೆಯಿಂದ ಹೊರಗಿಡುವುದು ಉಪಯುಕ್ತ. ಲೇಟೆನ್ಸಿಮಾನ್‌ನಲ್ಲಿ ಹಾರ್ಡ್ ಪೇಜ್‌ಫಾಲ್ಟ್‌ಗಳ (ಮೆಮೊರಿಯಲ್ಲಿಲ್ಲದ್ದನ್ನು ಡಿಸ್ಕಿನಿಂದ ತರಬೇಕಾದ ಸಂದರ್ಭಗಳ) ಎಣಿಕೆ ಏರುತ್ತಲೇ ಇದ್ದರೆ ಮೆಮೊರಿ ಸಾಲದಿರಬಹುದೆಂದು ತಿಳಿಯಬೇಕು.

ಮ್ಯಾಕ್ ಬಳಸುವವರಿಗೆ ಈ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಕೈಗೆಟುಕುವುದಿಲ್ಲ, ಬೇಕಾಗುವುದೂ ಇಲ್ಲ. ಲೋ ಪವರ್ ಮೋಡ್ ಆಫ್ ಇದೆಯೇ, ಇಂಟೆಲ್‌ಗೆಂದು ಬರೆದ ಹಳೆಯ ಪ್ಲಗಿನ್‌ಗಳಿಗಾಗಿ ತಂತ್ರಾಂಶ ರೊಸೆಟ್ಟಾ ಎಂಬ ಅನುವಾದಕದ ಮೂಲಕ ಓಡುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ಆ್ಯಪಲ್‌ನ ಲಾಜಿಕ್ ತಂತ್ರಾಂಶದಲ್ಲಿ ಭಾರವಾದ ವಾದ್ಯದ ಟ್ರ್ಯಾಕನ್ನು ಆರಿಸಿಟ್ಟರೆ ಅದು ನೇರ ನುಡಿಸಾಣಿಕೆಗೆ ಸಜ್ಜಾಗಿ ಒಂದು ಕೋರಿನ ಪಟ್ಟಿ ತುಂಬುತ್ತದೆ. ಬದಲಿಗೆ ಖಾಲಿ ಆಡಿಯೊ ಟ್ರ್ಯಾಕೊಂದನ್ನು ಆರಿಸಿದರೆ ಆ ಪಟ್ಟಿ ಇಳಿಯುತ್ತದೆ. ಲಿನಕ್ಸ್‌ನಲ್ಲಿ ಆರ್ಡರ್ (Ardour) ಎಂಬ ಧ್ವನಿ ತಂತ್ರಾಂಶ ಬಳಸುವವರು ಪ್ರೊಸೆಸರ್‌ನ ವೇಗವನ್ನು ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿ, ತಮ್ಮ ಬಳಕೆದಾರ ಖಾತೆಗೆ ರಿಯಲ್‌ಟೈಮ್ ಅನುಮತಿ ಇದೆಯೇ ಎಂದು ಪರಿಶೀಲಿಸಬೇಕು.

ಪರಿಹಾರ ಸಿಕ್ಕಿತೆಂದು ಒಪ್ಪಿಕೊಳ್ಳುವ ಮುನ್ನ ಬಫರನ್ನು ಮುದ್ರಣಕ್ಕೆ ಬೇಕಾದ ಗಾತ್ರದಲ್ಲಿಟ್ಟು, ಗಾಯನದ ಟ್ರ್ಯಾಕನ್ನು ಸಜ್ಜುಗೊಳಿಸಿ, ಕೋಣೆಯ ಫ್ಯಾನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಪ್ರಾಜೆಕ್ಟನ್ನು ಸುತ್ತಿ ಸುತ್ತಿ ನುಡಿಸಬೇಕು. ಆ ಅವಧಿಯಲ್ಲಿ ಗಡುವು ತಪ್ಪಿದ ಎಣಿಕೆ ಸೊನ್ನೆಯಲ್ಲಿಯೇ ಉಳಿದರೆ ಮಾತ್ರ ಮುಂದುವರಿಯಬಹುದು. ಆಗ ಕೆಲಸ ಮಾಡುತ್ತಿರುವ ಆಡಿಯೊ, ವೈಫೈ, ಗ್ರಾಫಿಕ್ಸ್ ಡ್ರೈವರ್‌ಗಳ ಆವೃತ್ತಿ ಸಂಖ್ಯೆಗಳನ್ನೂ ಪವರ್ ಪ್ಲಾನ್‌ನ ಬದಲಾವಣೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು; ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಇವುಗಳಲ್ಲಿ ಕೆಲವು ಹೇಳದೆ ಕೇಳದೆ ಹಳೆಯ ಸ್ಥಿತಿಗೆ ಮರಳುವುದುಂಟು, ಆದ್ದರಿಂದ ಅಪ್‌ಡೇಟ್ ಆದ ದಿನ ಮುದ್ರಣ ಇಟ್ಟುಕೊಳ್ಳದೆ ಮೊದಲು ಆ ಹಾಳೆಯೊಂದಿಗೆ ತಾಳೆ ನೋಡಬೇಕು.